ಬಾಣಕ್ಕೊಂದು ಆಸರೆ

ಬಿಲ್ಲು ಎಂದೊಡನೆ ನಮ್ಮ ಮನಸ್ಸು ಗಾಂಡೀವದ ಕಡೆಗೆ ಓಡುತ್ತದೆ. ಇಲ್ಲವೇ ಜನಕರಾಜನ ಸಭೆಯಲ್ಲಿ ಮುರಿದುಬಿದ್ದ ಶಿವಧನುಸ್ಸಿನ ಕಡೆಗೆ. ಹೆದೆಯ ಠೇಂಕಾರವನ್ನು ನಮ್ಮ ಕವಿಗಳು ಬಾಯಿತುಂಬ ಬಣ್ಣಿಸಿದ್ದಾರೆ. ಬರಿದಾಗದ ಬತ್ತಳಿಕೆಯನ್ನು ಬಣ್ಣಿಸಿದ್ದಾರೆ. ಆದರೆ ಹೂಡಿದ ಬಾಣವು ಬಿಡುವ ಗಳಿಗೆಯವರೆಗೆ ಯಾವುದರ ಮೇಲೆ ಕುಳಿತಿತ್ತು? ಈ ಪ್ರಶ್ನೆಯನ್ನು ಕೇಳಿದವರು ಕಡಮೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದ ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ಸಣ್ಣ ತಿರುಪುಮೊಳೆ. ಆ ಕಥೆಯನ್ನೂ, ಅದರಿಂದ ನಾನು ಕಲಿತ ಪಾಠವನ್ನೂ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಪ್ರಶ್ನೆಗೆ ಉತ್ತರ. ಹಿಂದಿನ ಕಾಲದ ಬಿಲ್ಲುಗಾರರಿಗೆ ಬಾಣದ ಆಸರೆ ಎಂದರೆ ಅವರ ಕೈಯೇ. ಯೂರೋಪಿನವರು ಹೆದೆಯನ್ನು ಮೂರು ಬೆರಳುಗಳಿಂದ ಎಳೆಯುತ್ತಿದ್ದರು. ಬಲಗೈಯಿಂದ ಎಳೆಯುವವನ ಬಾಣವು ಬಿಲ್ಲಿನ ಎಡ ಮಗ್ಗುಲಲ್ಲಿ, ಬಿಲ್ಲು ಹಿಡಿದ ಮುಷ್ಟಿಯ ತೋರುಬೆರಳಿನ ಗೆಣ್ಣಿನ ಮೇಲೆ ಕೂರುತ್ತಿತ್ತು. ಮಂಗೋಲರು, ತುರ್ಕರು, ಕೊರಿಯದವರು, ಜಪಾನಿನವರು ಎಳೆಯುತ್ತಿದ್ದುದು ಹೆಬ್ಬೆರಳಿನಿಂದ. ಅವರ ಬಾಣವು ಬಿಲ್ಲಿನ ಬಲ ಮಗ್ಗುಲಲ್ಲಿ, ಎಡಗೈ ಹೆಬ್ಬೆರಳಿನ ಮೇಲೆ ಇರುತ್ತಿತ್ತು. ಏಕಲವ್ಯನು ಬಲಗೈ ಹೆಬ್ಬೆರಳನ್ನು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ, ಆದರೆ ಮೊದಲಿನ ಚುರುಕು ಇರಲಿಲ್ಲವೆಂದೂ ಮಹಾಭಾರತ ಹೇಳುತ್ತದೆ. ಕೈಯೇ ಯಂತ್ರವಾಗಿದ್ದ ಕಾಲದಲ್ಲಿ ಒಂದು ಬೆರಳು ಹೋದರೆ ಯಂತ್ರವೇ ಹೋದಂತೆ.

ಈಗ ಬೆರಳಿನ ಕೆಲಸವನ್ನು ಲೋಹ ಮಾಡುತ್ತದೆ. ಬಿಲ್ಲಿನ ಹಿಡಿಗೆ ಸ್ವಲ್ಪ ಮೇಲೆ, ತಿರುಪಿನಿಂದ ಬಿಗಿದ ಒಂದು ಚಿಕ್ಕ ಸಲಕರಣೆ ಇರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಆರೋ ರೆಸ್ಟ್ ಎನ್ನುತ್ತಾರೆ. ನಾನು ಬಾಣದ ಆಸರೆ ಎನ್ನುತ್ತೇನೆ. ಬೇಟೆಯ ಬಿಲ್ಲಿಗೆ ಈ ಆಸರೆಯನ್ನು ಆರಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಬೇಟೆ ಎಂದ ಕೂಡಲೇ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಏರಿಸುವುದು ನ್ಯಾಯವೇ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಆ ಕಾಯಿದೆ ಒಪ್ಪಿರುವ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ಕಾಡುಪ್ರಾಣಿಯ ಬೇಟೆ ಅಪರಾಧ. ಬೇಲೂರಿನ ಗುಡಿಯಲ್ಲಿ ಬಿಲ್ಲು ಹಿಡಿದು ನಿಂತ ಬೇಟೆಗಾತಿಯನ್ನು ಕಲ್ಲಿನಲ್ಲಿ ನೋಡಿ ಸಂತೋಷಪಡಬಹುದೇ ಹೊರತು ಅವಳ ಹಿಂದೆ ಕಾಡಿಗೆ ಹೋಗುವಂತಿಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಮಿಷಿಗನ್ ಸಂಸ್ಥಾನದ ಮಾತು. ಅಲ್ಲಿ ಬೇಟೆಗೆ ರಹದಾರಿ ಉಂಟು, ಋತು ಉಂಟು, ಎಷ್ಟು ಪ್ರಾಣಿ ಎಂಬ ಕಟ್ಟು ಉಂಟು. ಬಿಲ್ಲುಗಾರರಿಗೆ ಬಿಳಿಬಾಲದ ಜಿಂಕೆಯ ಋತು ಅಕ್ಟೋಬರ್ ಒಂದನೆಯ ತಾರೀಖಿಗೆ ತೆರೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಪಕ್ಕದ ಮನೆಯವರು ಬಡಗಿ ಕೆಲಸದವರು, ಐವತ್ತರ ಆಜುಬಾಜು. ನಾನು ಬರಿಯ ಹೈಸ್ಕೂಲು ಮೇಷ್ಟರು ಎಂದು ಎಷ್ಟು ಹೇಳಿದರೂ ಕೇಳದೆ ನನ್ನನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಸಂಜೆ ಹಿತ್ತಲಲ್ಲಿ ಹುಲ್ಲಿನ ಮೂಟೆಯೊಂದಕ್ಕೆ ಬಾಣ ಬಿಡುವುದು ಅವರ ಅಭ್ಯಾಸ. ಹುಟ್ಟಿದಾರಭ್ಯ ಸಾರು ಅನ್ನ ತಿಂದ ನಾನು ಬೇಲಿಯ ಈಚೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಪ್ರಾಣಿಯ ವಿಚಾರದಲ್ಲಿ ನಮ್ಮಿಬ್ಬರಿಗೂ ಒಮ್ಮತವಿರಲಿಲ್ಲ. ಬಿಲ್ಲಿನ ವಿಚಾರದಲ್ಲಿ ಮಾತ್ರ ಬೇಗ ಸ್ನೇಹವಾಯಿತು.

ಅಕ್ಟೋಬರಿನ ಒಂದು ಮುಂಜಾನೆ ಅವರು ಬಾಗಿಲು ತಟ್ಟಿದರು. ಮುಖ ಬಾಡಿತ್ತು. ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಒಂದು ಜಿಂಕೆಗೆ ಬಾಣ ಬಿಟ್ಟಿದ್ದರು. ಶ್ವಾಸಕೋಶಕ್ಕೆ ಇಟ್ಟ ಗುರಿ. ಬಾಣ ಹಿಂದಕ್ಕೆ, ಹೊಟ್ಟೆಗೆ ಬಿದ್ದಿತ್ತು. ಮೈಯನ್ನು ಹಾದು ನೆಲಕ್ಕೆ ಬಿದ್ದ ಬಾಣಕ್ಕೆ ಅಂಟಿದ್ದ ಹಸುರು ಕೊಳೆಯಿಂದಲೇ ಅವರಿಗೆ ಅದು ತಿಳಿದುಹೋಗಿತ್ತು. ಹಾಗೆ ಗಾಯಗೊಂಡ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಬಾರದು. ಬೆದರಿಸಿದರೆ ಬಹು ದೂರ ಓಡಿಹೋಗುತ್ತದೆ, ಬಿಟ್ಟರೆ ಸಮೀಪದಲ್ಲೇ ಮಲಗುತ್ತದೆ. ಅದಕ್ಕೋಸ್ಕರ ರಾತ್ರಿಯೆಲ್ಲ ಕಾದಿದ್ದರು. ನಿದ್ರೆ ಮಾಡಿರಲಿಲ್ಲ. ಹುಡುಕಲು ಇನ್ನೊಂದು ಜೊತೆ ಕಣ್ಣು ಬೇಕಾಗಿತ್ತು.

“ಅಪ್ಪಾ, ನಿಮಗೆ ಯಾಕೆ ಇದೆಲ್ಲ?” ಎಂದಳು ಮಗಳು. ನನಗೂ ತಿಳಿಯಲಿಲ್ಲ. ಆದರೂ ಹೊರಟೆ.

ರಾತ್ರಿ ಮಳೆ ಬಿದ್ದಿತ್ತು. ಮೇಪಲ್ ಮರಗಳ ಎಲೆ ಆ ಋತುವಿನಲ್ಲಿ ಕೆಂಪಾಗಿ ನೆಲದ ತುಂಬ ಉದುರಿರುತ್ತದೆ. ಕೆಂಪು ಎಲೆಯ ಮೇಲೆ ಕೆಂಪು ಹನಿಯನ್ನು ಹುಡುಕುವ ಕೆಲಸ ಅದು. ಅದರಲ್ಲೂ ಮಳೆ ತೊಳೆದು ಬಿಟ್ಟಿದ್ದ ಹನಿ. ಸಿಕ್ಕ ಪ್ರತಿಯೊಂದು ಗುರುತಿಗೂ ಅವರು ಒಂದು ಕಾಗದದ ಚೂರನ್ನು ಕೊಂಬೆಗೆ ಸಿಕ್ಕಿಸುತ್ತ ಹೋದರು. ಹನ್ನೊಂದು ಚೂರುಗಳಾದವು. ಹನ್ನೆರಡನೆಯದು ಸಿಗಲಿಲ್ಲ. ಮಧ್ಯಾಹ್ನದವರೆಗೆ ಜೌಗು ನೆಲದಲ್ಲಿ ಮೊಣಕಾಲುದ್ದ ಕೆಸರು ತುಳಿದೆವು. ಕೊನೆಗೆ ಒಂದು ಬಿದ್ದ ಮರದ ಮೇಲೆ ಕುಳಿತು, “ಅದು ಇಲ್ಲೇ ಎಲ್ಲೋ ಇದೆ, ಪ್ರೊಫೆಸರ್. ಅದಕ್ಕೆ ನಾನು ಸಾಲಗಾರ” ಎಂದರು. ಆಮೇಲೆ ಮನೆಯವರೆಗೆ ಮಾತಿಲ್ಲ.

ಸಂಜೆ ಅವರು ಬಿಲ್ಲನ್ನು ಬೆಂಚಿನ ಮೇಲೆ ಮಲಗಿಸಿ ಒಂದೊಂದೇ ಅಂಗವನ್ನು ಮುಟ್ಟಿ ನೋಡಿದರು. ಹೆದೆ ಸರಿಯಾಗಿತ್ತು, ಗುರಿಕಡ್ಡಿ ಸರಿಯಾಗಿತ್ತು. ಬಾಣದ ಆಸರೆಯನ್ನು ಬೆರಳಿನಿಂದ ಒತ್ತಿದಾಗ ಅದು ಎಡಬಲಕ್ಕೆ ಅಲುಗಿತು. ಪಕ್ಕಕ್ಕೆ ಸರಿಸಿ ಬಿಗಿಯುವ ತಿರುಪು ಸಡಿಲವಾಗಿತ್ತು. ಸಾವಿರಾರು ಸಲ ಬಿಟ್ಟ ಬಾಣಗಳ ಅದುರು ಅದನ್ನು ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿತ್ತು.

ಅಷ್ಟಕ್ಕೇ ಅಷ್ಟಾಯಿತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಆಮೇಲೆ ಮೇಷ್ಟರ ಬುದ್ಧಿಯಂತೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಸಮರೂಪ ತ್ರಿಕೋನಗಳ ಲೆಕ್ಕ. ನಿಮ್ಮ ಮನೆಯ ಹುಡುಗರೂ ಮಾಡಬಲ್ಲರು. ಹೆದೆಯಿಂದ ಆಸರೆಯವರೆಗೆ ಬಾಣದ ಉದ್ದ ಸುಮಾರು ೨೮ ಅಂಗುಲ ಎನ್ನೋಣ. ಆಸರೆಯು ಅಂಗುಲದಲ್ಲಿ ಎಂಟನೆಯ ಒಂದು ಪಾಲು, ಎಂದರೆ ಒಂದು ಅಕ್ಕಿ ಕಾಳಿನ ಅಗಲಕ್ಕಿಂತ ತುಸು ಹೆಚ್ಚು, ಪಕ್ಕಕ್ಕೆ ಸರಿದರೆ ೨೦ ಗಜ ದೂರದಲ್ಲಿ ಬಾಣ ಮೂರು ಅಂಗುಲಕ್ಕೂ ಹೆಚ್ಚು ಸರಿಯುತ್ತದೆ. ೩೦ ಗಜದಲ್ಲಿ ಹತ್ತಿರ ಹತ್ತಿರ ಐದು ಅಂಗುಲ. ಜಿಂಕೆಯ ಮರ್ಮಸ್ಥಾನವೋ, ಹೃದಯ ಶ್ವಾಸಕೋಶಗಳೆಲ್ಲ ಸೇರಿ ಎಂಟು ಹತ್ತು ಅಂಗುಲ ಅಗಲ. ಅದರ ನಡುವಿಗೆ ಗುರಿಯಿಟ್ಟವನಿಗೆ ಆಚೀಚೆ ಇರುವ ಅವಕಾಶ ನಾಲ್ಕೈದು ಅಂಗುಲ ಮಾತ್ರ. ಒಳಗೆ ಬಿದ್ದರೆ ಪ್ರಾಣಿ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೊರಗೆ ಬಿದ್ದರೆ ಮಳೆಯಲ್ಲಿ, ಜೌಗಿನಲ್ಲಿ, ಒಂದು ರಾತ್ರಿ, ಎರಡು ರಾತ್ರಿ. ಆಡಿದ ಮಾತು, ಬಿಟ್ಟ ಬಾಣ ಎನ್ನುತ್ತೇವಲ್ಲ. ಹಿಂದಕ್ಕೆ ಕರೆಯುವ ಹಾಗಿಲ್ಲ.

ಹೀಗೆ ನನಗೆ ಆ ಚಿಕ್ಕ ಸಲಕರಣೆಯ ಮೇಲೆ ಆಸ್ಥೆ ಹುಟ್ಟಿತು. ಉಳಿದ ತಿಂಗಳೆಲ್ಲ ನಾವಿಬ್ಬರೂ ಅದನ್ನೇ ಮಾತಾಡಿದೆವು. ಅವರು ಆ ವರ್ಷ ಮತ್ತೆ ಕಾಡಿಗೆ ಹೋಗಲಿಲ್ಲ.

ಆಸರೆಯ ಕೆಲಸ ಎರಡು. ಮೊದಲನೆಯದು, ಹೆದೆ ಬಿಡುವವರೆಗೆ ಬಾಣವನ್ನು ಅಲುಗದಂತೆ ಹಿಡಿಯುವುದು. ಎರಡನೆಯದು, ಬಿಟ್ಟೊಡನೆ ಬಾಣದ ದಾರಿಗೆ ಅಡ್ಡ ಬಾರದಿರುವುದು. ಮಗುವಿಗೆ ಸೈಕಲ್ ಕಲಿಸುವ ತಂದೆಯ ಕೈ ಇದ್ದಂತೆ. ಬೇಗ ಬಿಟ್ಟರೆ ಮಗು ಬೀಳುತ್ತದೆ, ಹಿಡಿದೇ ಇದ್ದರೆ ಸೈಕಲ್ ಓರೆಯಾಗುತ್ತದೆ. ಹಿಡಿಯುವುದರಲ್ಲಿ ಗಟ್ಟಿಯಾದ ಆಸರೆ ಸಾಮಾನ್ಯವಾಗಿ ಬಿಡುವುದರಲ್ಲಿ ಹಿಂದು. ಚೆನ್ನಾಗಿ ಬಿಡುವುದು ಹಿಡಿಯುವುದರಲ್ಲಿ ಹಿಂದು. ಆರಿಸುವುದೆಂದರೆ ಈ ಎರಡರ ನಡುವೆ ನಿಮಗೆ ಹೊಂದುವ ಜಾಗವನ್ನು ಹುಡುಕುವುದು.

ಇದರಲ್ಲಿ ಒಂದು ಸೋಜಿಗವೂ ಇದೆ. ಹಳೆಯ ಬಿಲ್ಲಿನಲ್ಲಿ ಬಾಣ ಬಿಲ್ಲಿನ ಮಗ್ಗುಲಲ್ಲಿ ಕೂರುತ್ತದೆ, ಆದರೆ ಹೆದೆ ಅದನ್ನು ತಳ್ಳುವುದು ಬಿಲ್ಲಿನ ನಡುವಿಗೆ. ಹಾಗಾದರೆ ಬಾಣವು ಮಗ್ಗುಲಿಗೆ ಸಿಡಿಯಬೇಕು. ಸಿಡಿಯುವುದಿಲ್ಲ, ನೇರ ಹೋಗುತ್ತದೆ. ರಾಬರ್ಟ್ ಎಲ್ಮರ್ ಎಂಬ ಅಮೆರಿಕದ ವೈದ್ಯರು ಇದಕ್ಕೆ ಬಿಲ್ಲುಗಾರನ ವಿರೋಧಾಭಾಸ ಎಂದು ಹೆಸರಿಟ್ಟರು. ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿ ಅತಿವೇಗದ ಛಾಯಾಚಿತ್ರಗಳನ್ನು ತೆಗೆದು ಗುಟ್ಟನ್ನು ಬಯಲಿಗೆ ತಂದರು. ಬಾಣ ಕೋಲಿನಂತೆ ನೆಟ್ಟಗೆ ಹೋಗುವುದಿಲ್ಲ; ಮೀನಿನಂತೆ ಬಳುಕಿ ಬಿಲ್ಲನ್ನು ಬಳಸಿಕೊಂಡು ದಾಟುತ್ತದೆ. ಬೆರಳಿನಿಂದ ಹೆದೆ ಬಿಟ್ಟರೆ ಆ ಬಳುಕು ಮುಖ್ಯವಾಗಿ ಎಡಬಲಕ್ಕೆ. ಮಣಿಕಟ್ಟಿಗೆ ಕಟ್ಟಿದ ಲೋಹದ ಕೊಕ್ಕೆಯಿಂದ ಬಿಟ್ಟರೆ ಮೇಲಕ್ಕೆ ಕೆಳಕ್ಕೆ. ಈ ಒಂದು ಭೇದವನ್ನು ನೆನಪಿನಲ್ಲಿಟ್ಟರೆ ಆಸರೆಗಳ ಅರ್ಧ ವಿಚಾರ ತಿಳಿದಂತೆ.

ಕೊಕ್ಕೆ ಬಳಕೆಗೆ ಬಂದದ್ದು ಹೆಚ್ಚಾಗಿ ಕಾಂಪೌಂಡ್ ಬಿಲ್ಲಿನ ಜೊತೆಗೆ. ಇದನ್ನು ಕಂಡುಹಿಡಿದವರು ಮಿಸೂರಿ ಸಂಸ್ಥಾನದ ಹಾಲೆಸ್ ವಿಲ್ಬರ್ ಅಲೆನ್. ಪೇಟೆಂಟು ದೊರೆತದ್ದು ೧೯೬೯ರಲ್ಲಿ. ಬಾವಿಯ ರಾಟೆಯಂತೆ ಬಿಲ್ಲಿನ ಎರಡು ತುದಿಗಳಲ್ಲೂ ಗಾಲಿಗಳು. ಎಳೆಯುವಾಗ ನಡುವೆ ೭೦ ಪೌಂಡು ಭಾರವಿದ್ದರೂ ಪೂರ್ತಿ ಎಳೆದ ಮೇಲೆ ಗಾಲಿಗಳು ಹೊರಳಿ, ಕೈಯಲ್ಲಿ ಹಿಡಿದಿರಬೇಕಾದ್ದು ಹದಿನೈದು ಪೌಂಡಿನಷ್ಟಕ್ಕೆ ಇಳಿಯುತ್ತದೆ. ಹೀಗಾಗಿ ಬೇಟೆಗಾರ ಬಿಲ್ಲೆಳೆದು ನಿಂತು ಕಾಯಬಲ್ಲ. ಕಾಯಬಲ್ಲನಾದುದರಿಂದ ಬಾಣವು ಆಸರೆಯ ಮೇಲೆ ಬಹಳ ಹೊತ್ತು ಇರಬೇಕು.

ಇನ್ನು ಬಗೆಗಳನ್ನು ನೋಡೋಣ.

ಮೊದಲನೆಯದು ಕಟ್ಟೆ. ಮರದ ಬಿಲ್ಲಿನ ಹಿಡಿಯ ಮೇಲೆ ಕೊರೆದ ಪುಟ್ಟ ಅಂಚು. ಅದರ ಮೇಲೆ ಒಂದು ತುಂಡು ತೊಗಲು ಅಥವಾ ಉಣ್ಣೆಬಟ್ಟೆ. ಅಷ್ಟೇ. ಕೆಡುವುದಕ್ಕೆ ಏನೂ ಇಲ್ಲ, ಸಡಿಲವಾಗುವುದಕ್ಕೆ ತಿರುಪಿಲ್ಲ. ಒಂದು ಷರತ್ತು ಮಾತ್ರ ಉಂಟು: ಬಾಣಕ್ಕೆ ಹಕ್ಕಿಯ ಗರಿಯೇ ಇರಬೇಕು. ಟರ್ಕಿ ಕೋಳಿಯ ಗರಿ ಅಂಚನ್ನು ಮುಟ್ಟಿದೊಡನೆ ಮಡಿಚಿ ದಾಟಿಹೋಗುತ್ತದೆ. ಪ್ಲಾಸ್ಟಿಕ್ ಗರಿ ಮಡಿಯುವುದಿಲ್ಲ. ಮುಟ್ಟಿದರೆ ಬಾಣವನ್ನು ಒದೆಯುತ್ತದೆ. ಹಳೆಯ ಮಾದರಿಯ ಬಿಲ್ಲಿನಿಂದ, ಬೆರಳಿನಿಂದ, ಹದಿನೈದು ಇಪ್ಪತ್ತು ಗಜದೊಳಗೆ ಬಿಡುವವರಿಗೆ ಇದಕ್ಕಿಂತ ನಂಬಿಕೆಯ ಆಸರೆ ಇಲ್ಲ. ಆದರೆ ಮಳೆಯಲ್ಲಿ ನೆನೆದ ಗರಿ ಒದ್ದೆ ಬೆಕ್ಕಿನ ಮೈಯಂತೆ ಅಂಟಿಕೊಳ್ಳುತ್ತದೆ ಎಂಬುದನ್ನು ಮರೆಯಕೂಡದು.

ಎರಡನೆಯದು ಗುಂಡಿ ಮತ್ತು ತಂತಿ. ಬಾಣದ ಕೆಳಗೆ ಒಂದು ಬಾಗಿದ ತಂತಿ, ಮಗ್ಗುಲಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಗುಂಡಿ. ಬೆರಳಿನಿಂದ ಬಿಟ್ಟ ಬಾಣ ಎಡಬಲಕ್ಕೆ ಬಳುಕುತ್ತದೆ ಎಂದೆನಲ್ಲ. ಆ ಬಳುಕಿನ ಒತ್ತಡವನ್ನು ಈ ಗುಂಡಿ ಮೆತ್ತಗೆ ತಾಳಿಕೊಳ್ಳುತ್ತದೆ. ಇದನ್ನು ಬಳಕೆಗೆ ತಂದ ವಿಕ್ಟರ್ ಬರ್ಜರ್ ಅವರ ಹೆಸರಿನಿಂದ ಬರ್ಜರ್ ಗುಂಡಿ ಎಂದೇ ಕರೆಯುತ್ತಾರೆ. ಒಲಿಂಪಿಕ್ ಪಂದ್ಯಗಳಲ್ಲಿ ನಮ್ಮ ಬಿಲ್ಲುಗಾರರು ಬಳಸುವುದೂ ಈ ಜಾತಿಯದೇ. ಪಂದ್ಯದ ಬಯಲಿನಲ್ಲಿ ಇದು ಸೊಗಸು. ಕಾಡಿನಲ್ಲಿ ಮಾತ್ರ ಬಿಲ್ಲು ಸ್ವಲ್ಪ ಓರೆಯಾದರೆ ಬಾಣ ತಂತಿಯಿಂದ ಜಾರುತ್ತದೆ.

ಮೂರನೆಯದು ಕವೆ. ಎರಡು ಕಡ್ಡಿಗಳ ನಡುವೆ ಬಾಣ ಕೂರುತ್ತದೆ. ಕೆಳಗಿನ ಗರಿ ಕಡ್ಡಿಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಕೊಕ್ಕೆಯವರಿಗೆ, ಮೇಲೆ ಕೆಳಗೆ ಬಳುಕುವ ಬಾಣಕ್ಕೆ ಹೇಳಿದ್ದು. ಸರಳ, ಅಗ್ಗ. ಕುಂದು ಮೇಲಿನದೇ: ಬಾಣ ಬೀಳುತ್ತದೆ. ಬೀಳುವುದೆಂದರೆ ಬರಿಯ ಅನನುಕೂಲವಲ್ಲ. ಮುಂಜಾನೆ ಮರದ ಅಟ್ಟಣೆಯ ಮೇಲೆ ಎರಡು ಗಂಟೆ ಕುಳಿತು ಕೈ ಮರಗಟ್ಟಿದೆ, ಜಿಂಕೆ ಬಂದಿದೆ, ಎದೆ ಹೊಡೆದುಕೊಳ್ಳುತ್ತಿದೆ, ಎಳೆಯುವಾಗ ಬಾಣ ಜಾರಿ ಲೋಹಕ್ಕೆ ‘ಠಣ್’ ಎಂದು ಬಡಿಯುತ್ತದೆ. ಆ ದಿನದ ಬೇಟೆ ಮುಗಿಯಿತು. ಅದು ಒಳ್ಳೆಯ ಮುಗಿತಾಯವೇ, ಏಕೆಂದರೆ ಪ್ರಾಣಿ ಬದುಕಿತು. ಅರ್ಧ ಜಾರಿದ ಬಾಣವನ್ನು ಗಮನಿಸದೆ ಬಿಟ್ಟರೆ ಆಗುವುದು ಕೆಟ್ಟ ಮುಗಿತಾಯ.

ಸದ್ದಿನ ವಿಷಯದಲ್ಲಿ ಇನ್ನೊಂದು ಲೆಕ್ಕ ಕೇಳಿ. ಸದ್ದು ಸೆಕೆಂಡಿಗೆ ಸುಮಾರು ೧,೧೦೦ ಅಡಿ ಓಡುತ್ತದೆ. ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸುಮಾರು ೨೮೦ ಅಡಿ. ೨೦ ಗಜದಲ್ಲಿರುವ ಜಿಂಕೆಗೆ ಹೆದೆಯ ಸದ್ದು ಸೆಕೆಂಡಿನ ಹದಿನೆಂಟನೆಯ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಬಾಣ ಮುಟ್ಟಲು ಐದನೆಯ ಒಂದು ಪಾಲಿಗಿಂತಲೂ ಹೆಚ್ಚು ಹೊತ್ತು ಬೇಕು. ಆ ನಡುವಣ ಹೊತ್ತಿನಲ್ಲಿ ಬೆದರಿದ ಜಿಂಕೆ ನೆಗೆಯುವುದಕ್ಕೆಂದು ಕುಗ್ಗುತ್ತದೆ, ಬಾಣ ಬೆನ್ನ ಮೇಲೆ ಹೋಗುತ್ತದೆ ಅಥವಾ ಬೀಳಬಾರದ ಕಡೆ ಬೀಳುತ್ತದೆ. ಆದುದರಿಂದ ಯಾವ ಆಸರೆಯೇ ಆಗಲಿ, ಬಾಣ ತಾಗುವ ಜಾಗಕ್ಕೆಲ್ಲ ಮೆತ್ತನೆಯ ಬಟ್ಟೆ ಅಂಟಿಸಿರಬೇಕು. ಎಳೆಯುವಾಗ ನಿಮ್ಮ ಕಿವಿಗೇ ಸದ್ದು ಕೇಳಿಸಿದರೆ ಜಿಂಕೆಯ ಕಿವಿಗೆ ಕೇಳಿಸದೇ?

ನಾಲ್ಕನೆಯದು ಕುಂಚ. ಒಂದು ಬಳೆಯ ಒಳಗೆ ಸುತ್ತಲೂ ಗಡುಸಾದ ಕೂದಲು, ನಡುವೆ ಬಾಣದಷ್ಟೇ ರಂಧ್ರ. ಬಾಣ ಈ ಕೂದಲಿನ ನಡುವೆ ಸಿಕ್ಕಿಕೊಂಡಿರುತ್ತದೆ. ಬಿಲ್ಲನ್ನು ಓರೆ ಮಾಡಿ, ತಲೆಕೆಳಗು ಮಾಡಿ, ಪೊದೆಯಲ್ಲಿ ನುಗ್ಗಿ; ಬೀಳುವುದಿಲ್ಲ. ಚಲಿಸುವ ಅಂಗ ಒಂದೂ ಇಲ್ಲ. ದೋಷವೆಂದರೆ ಗರಿಗಳು ಕೂದಲನ್ನು ಸೀಳಿಕೊಂಡೇ ಹೋಗಬೇಕು. ವೇಗ ತುಸು ತಗ್ಗುತ್ತದೆ, ಪ್ಲಾಸ್ಟಿಕ್ ಗರಿ ಕಾಲಕ್ರಮದಲ್ಲಿ ಸುಕ್ಕಾಗುತ್ತದೆ, ಹಕ್ಕಿಯ ಗರಿಗಂತೂ ಇದು ಆಗಿಬರುವುದಿಲ್ಲ. ಕೆಳಗಿನ ಕೂದಲು ಸವೆದರೆ ಬಾಣ ತಗ್ಗಿ ಕೂರುತ್ತದೆ. ಆಗ ಹೊಸದು ಹಾಕಬೇಕು. ನೀರು ಹಿಡಿದು ಹಿಮಗಟ್ಟುವ ಊರಿನಲ್ಲಿ ಬೆಳಗ್ಗೆ ಒಮ್ಮೆ ಬೆರಳಿನಿಂದ ಉಜ್ಜಿ ನೋಡಬೇಕು.

ಐದನೆಯದು ಬೀಳುವ ಆಸರೆ. ಈಗ ಬಹಳ ಮಂದಿ ಮೆಚ್ಚುವುದು ಇದನ್ನೇ. ಬಿಲ್ಲೆಳೆದಾಗ ಒಂದು ಪುಟ್ಟ ತೋಳು ಎದ್ದು ಬಾಣವನ್ನು ಹೊರುತ್ತದೆ. ಹೆದೆ ಬಿಟ್ಟೊಡನೆ, ಗರಿ ಅಲ್ಲಿಗೆ ತಲಪುವ ಮೊದಲೇ, ತೋಳು ಕೆಳಕ್ಕೆ ಬೀಳುತ್ತದೆ. ಬಾಣಕ್ಕೆ ಯಾವ ತಡೆಯೂ ಇಲ್ಲ. ಇದರ ಸೂತ್ರ ಒಂದು ತೆಳು ಹುರಿ. ಕೆಲವು ಮಾದರಿಗಳಲ್ಲಿ ಹುರಿಯನ್ನು ಬಿಲ್ಲಿನ ಕೆಳಗೆ ಸರಿಯುವ ಹಗ್ಗಕ್ಕೆ ಕಟ್ಟಿರುತ್ತಾರೆ. ಎಳೆದಾಗ ಆ ಹಗ್ಗ ಹುರಿಯನ್ನು ಜಗ್ಗಿ ತೋಳನ್ನು ಎತ್ತುತ್ತದೆ. ಬೇರೆ ಕೆಲವಲ್ಲಿ ಬಿಲ್ಲಿನ ತೋಳಿಗೇ ಕಟ್ಟಿರುತ್ತಾರೆ. ಎಳೆದಾಗ ಹುರಿ ಸಡಿಲವಾಗಿ ಸ್ಪ್ರಿಂಗು ಆಸರೆಯನ್ನು ಎತ್ತುತ್ತದೆ, ಬಿಟ್ಟಾಗ ಹುರಿ ಬಿಗಿದು ಕೆಳಕ್ಕೆ ಸೆಳೆಯುತ್ತದೆ. ದೂರದ ಗುರಿಗೆ, ಎಲ್ಲ ಬಗೆಯ ಗರಿಗೂ ಇದು ಶ್ರೇಷ್ಠ. ಆದರೆ ಹುರಿ ಸವೆದರೆ, ಗಂಟು ಜಾರಿದರೆ, ಸಂದಿಗೆ ಮಂಜು ಹೊಕ್ಕರೆ, ತೋಳು ಏಳುವ ಬೀಳುವ ಹೊತ್ತು ತಪ್ಪುತ್ತದೆ. ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಎಳೆದ ಬಿಲ್ಲನ್ನು ಬಾಣ ಬಿಡದೆ ಮೆಲ್ಲಗೆ ಇಳಿಸಿದರೆ ಬಾಣ ಎಲ್ಲಿರುತ್ತದೆ? ಕೆಲವು ಮಾದರಿಗಳಲ್ಲಿ ತೋಳು ಬಿದ್ದುಹೋಗುತ್ತದೆ, ಕೆಲವಲ್ಲಿ ನಿಲ್ಲುತ್ತದೆ. ಸಂಶಯ ಬಂದಾಗ ಬಿಡದೆ ಇಳಿಸುವುದೇ ಒಳ್ಳೆಯ ಬೇಟೆಗಾರನ ಲಕ್ಷಣ; ಹಾಗೆ ಇಳಿಸಲು ಹಿಂಜರಿಯುವಂತೆ ಮಾಡುವ ಸಲಕರಣೆ ಸಲ್ಲದು.

ನನ್ನ ನೆರೆಯವರ ಬಿಲ್ಲಿನಲ್ಲಿ ಇದ್ದದ್ದು ಈ ಐದನೆಯ ಬಗೆ. ಅದರ ಹುರಿಯೂ ಸರಿಯಾಗಿತ್ತು, ತೋಳೂ ಸರಿಯಾಗಿತ್ತು. ತಪ್ಪು ಮಾಡಿದ್ದು ಹೆಚ್ಚಿನ ಆಸರೆಗಳಿಗೆ ಸಾಮಾನ್ಯವಾದ ತಿರುಪು.

ಹಾಗಾದರೆ ಆರಿಸುವುದು ಹೇಗೆ? ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ ಎನ್ನುತ್ತಿದ್ದರು ಅವರು. ಒಂದು: ನೀವು ಹೆದೆ ಬಿಡುವುದು ಬೆರಳಿನಿಂದಲೋ ಕೊಕ್ಕೆಯಿಂದಲೋ? ಬೆರಳಾದರೆ ಕಟ್ಟೆ ಅಥವಾ ಗುಂಡಿ. ಕೊಕ್ಕೆಯಾದರೆ ಉಳಿದ ಮೂರರಲ್ಲಿ ಒಂದು. ಎರಡು: ಬಾಣಕ್ಕೆ ಯಾವ ಗರಿ? ಹಕ್ಕಿಯ ಗರಿಗೆ ಕುಂಚ ಕೂಡದು, ಪ್ಲಾಸ್ಟಿಕಿಗೆ ಕಟ್ಟೆ ಕೂಡದು. ಮೂರು: ನೀವು ನಿಜವಾಗಿ ಬಾಣ ಬಿಡುವುದು ಎಷ್ಟು ದೂರಕ್ಕೆ? ಇಲ್ಲಿ ಪ್ರಾಮಾಣಿಕತೆ ಬೇಕು. ಇಪ್ಪತ್ತು ಗಜದಿಂದ ಬಿಡುವವನು ಅರುವತ್ತು ಗಜದ ಸಲಕರಣೆಗೆ ದುಡ್ಡು ಸುರಿಯುವುದು ಪೇಟೆಗೆ ಹೋಗಿಬರುವುದಕ್ಕೆ ಪಂದ್ಯದ ಕುದುರೆ ಕೊಂಡಂತೆ. ನಾಲ್ಕು: ಇದು ಕತ್ತಲಲ್ಲಿ, ಚಳಿಯಲ್ಲಿ ಕೆಟ್ಟರೆ ಕೆಟ್ಟಿತೆಂದು ನಿಮಗೆ ತಿಳಿಯುತ್ತದೆಯೇ? ಸರಿಪಡಿಸಬಲ್ಲಿರಾ? ಈ ನಾಲ್ಕನೆಯ ಪ್ರಶ್ನೆಯನ್ನು ಅವರು ಆ ಅಕ್ಟೋಬರಿನ ತರುವಾಯ ಸೇರಿಸಿದ್ದು.

ಕೊಂಡ ಮೇಲೆ ಪರೀಕ್ಷೆ ಬೇಕು. ಒಂದು ಚೌಕಟ್ಟಿಗೆ ಕಾಗದ ಬಿಗಿದು ಆರಡಿ ದೂರದಿಂದ ಬಾಣ ತೂರಿಸುತ್ತಾರೆ. ಬಾಣ ನೇರ ಹೋದರೆ ಕಾಗದದಲ್ಲಿ ದುಂಡನೆಯ ತೂತು, ಅದರ ಸುತ್ತ ಗರಿಗಳ ಗುರುತು. ತೂತಿನಿಂದ ಒಂದು ಕಡೆಗೆ ಕಾಗದ ಹರಿದಿದ್ದರೆ ಬಾಣದ ಬಾಲ ಆ ಕಡೆಗೆ ವಾಲಿ ಹೋಗಿದೆ ಎಂದರ್ಥ. ಆಸರೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಗರಿ ಆಸರೆಗೆ ತಾಗುತ್ತಿದೆಯೋ ಎಂಬ ಸಂಶಯವಿದ್ದರೆ ಆಸರೆಗೆ ಸ್ವಲ್ಪ ಮುಖದ ಪೌಡರು ಬಳಿದು ಬಾಣ ಬಿಟ್ಟು ನೋಡಿ. ತಾಗಿದ ಜಾಗ ತಾನೇ ಹೇಳುತ್ತದೆ. ಎಳೆದ ಬಾಣದ ಅಲಗು ಆಸರೆಗಾಗಲಿ ಬೆರಳಿಗಾಗಲಿ ತಾಗದಷ್ಟು ಮುಂದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ತಿರುಪು. ಇದಕ್ಕೆ ಉಪಾಯ ಹೇಳಿದವನು ನಾನೇ ಎಂದು ಸ್ವಲ್ಪ ಜಂಬ ಪಡುತ್ತೇನೆ. ನಿಮ್ಮ ಮನೆಯ ಹಳೆಯ ರೇಡಿಯೋವಿನ ಬೆನ್ನು ತೆಗೆದಾಗ ಎಂದಾದರೂ ಒಳಗೆ ಇಣುಕಿದ್ದೀರಾ? ಶ್ರುತಿ ಕೂಡಿಸಿದ ಸಣ್ಣ ಸಣ್ಣ ತಿರುಪುಗಳ ತಲೆಯ ಮೇಲೆ ಒಂದೊಂದು ತೊಟ್ಟು ಮೇಣವೋ ಕೆಂಪು ಅರಗೋ ಇರುತ್ತಿತ್ತು. ತಿರುಪು ತಾನಾಗಿ ಅಲುಗದಿರಲಿ, ಯಾರಾದರೂ ತಿರುಗಿಸಿದ್ದರೆ ತಿಳಿಯಲಿ ಎಂದು ರಿಪೇರಿಯವರು ಇಟ್ಟ ಮುದ್ರೆ ಅದು. ನಮ್ಮ ಬೀದಿಯ ರೇಡಿಯೋ ರಿಪೇರಿಯವರ ಅಂಗಡಿಯಲ್ಲಿ ಹುಡುಗನಾಗಿ ನಿಂತು ನೋಡಿದ್ದು ಅಂದು ನೆನಪಾಯಿತು. ಮಗಳ ಕೋಣೆಯಿಂದ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತಂದುಕೊಟ್ಟೆ. ತಿರುಪನ್ನು ಬಿಗಿದು, ಅದರ ತಲೆಯಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಒಂದು ಗೆರೆ ಎಳೆದೆವು. ತಿರುಪು ಎಳ್ಳಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಬರಿಗಣ್ಣಿಗೆ, ಟಾರ್ಚಿನ ಬೆಳಕಿಗೂ ಕಾಣುತ್ತದೆ. ಅಲ್ಲಿನ ಅನುಭವಿಗಳೂ ಇಂಥದೇ ಗುರುತು ಹಾಕುತ್ತಾರೆಂದು ಆಮೇಲೆ ತಿಳಿಯಿತು. ನನ್ನ ಜಂಬ ಅಷ್ಟಕ್ಕೇ ಇಳಿಯಿತು.

ಮರುವರ್ಷ ಅವರು ಬೀಳುವ ಆಸರೆಯನ್ನು ತೆಗೆದು ಕುಂಚದ ಆಸರೆ ಹಾಕಿಕೊಂಡರು. ಹಳೆಯದು ಕೆಟ್ಟದ್ದೆಂದಲ್ಲ. ತಾವು ಕೂರುವ ಅಟ್ಟಣೆಯಿಂದ ಇಪ್ಪತ್ತು ಗಜದಾಚೆಗೆ ಇನ್ನು ಬಾಣ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದರು. ಅಷ್ಟು ದೂರಕ್ಕೆ ಕೂದಲಿನ ತಡೆ ಲೆಕ್ಕಕ್ಕಿಲ್ಲ. ನೋಡಬೇಕಾದ ಹುರಿ ಒಂದು ಕಡಮೆಯಾಯಿತು. ಪ್ರತಿದಿನ ಕಾಡಿಗೆ ಹೊರಡುವ ಮೊದಲು ಕೆಂಪು ಗೆರೆಯನ್ನು ನೋಡುತ್ತಾರಂತೆ. ಗೆರೆ ಮುರಿದಿದ್ದರೆ ಆ ದಿನ ಮನೆಯಲ್ಲೇ ಉಳಿದು, ಹುಲ್ಲಿನ ಮೂಟೆಗೆ ಬಾಣ ಬಿಟ್ಟು ಮತ್ತೆ ಸರಿಮಾಡಿಕೊಳ್ಳುತ್ತಾರಂತೆ. ಮಗಳು ಫೋನಿನಲ್ಲಿ ಹೇಳಿದಳು.

ಶ್ರೋತೃಗಳೇ, ನಾವು ಬೇಟೆಯಾಡುವುದಿಲ್ಲ, ಆಡಕೂಡದು. ಆದರೆ ಬಿಲ್ವಿದ್ಯೆ ನಮ್ಮ ಊರುಗಳಲ್ಲಿಯೂ ಆಟವಾಗಿ ಬೆಳೆಯುತ್ತಿದೆ. ೨೦೨೮ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕಾಂಪೌಂಡ್ ಬಿಲ್ಲಿಗೂ ಮೊದಲ ಬಾರಿಗೆ ಸ್ಥಾನ ಸಿಕ್ಕಿದೆ. ನಿಮ್ಮ ಮನೆಯ ಮಕ್ಕಳು ಬಿಲ್ಲು ಹಿಡಿಯುವುದಾದರೆ 'ಎಷ್ಟು ವೇಗ, ಎಷ್ಟು ಬೆಲೆ' ಎಂದು ಕೇಳುವ ಮೊದಲು ಬಾಣ ಎಲ್ಲಿ ಕೂರುತ್ತದೆ ಎಂದು ಕೇಳಿ. ತಿರುಪು ಬಿಗಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಪಂದ್ಯದಲ್ಲಿ ತಪ್ಪಿದರೆ ಹೋಗುವುದು ಒಂದೆರಡು ಅಂಕ. ಆ ಕೆಂಪೆಲೆಯ ಕಾಡಿನಲ್ಲಿ ನಾವು ಹುಡುಕಿದ್ದು ಅಂಕವಲ್ಲ. ಹನ್ನೆರಡನೆಯ ಗುರುತು ಎಲ್ಲಿತ್ತೋ, ಈಗಲೂ ಕೆಲವು ರಾತ್ರಿ ನನಗೆ ಯೋಚನೆ ಬರುತ್ತದೆ.